ಶಿಷ್ಯನ ಇಲಿ

ಶಿಷ್ಯನ ಇಲಿ ಸಾಯುತ್ತಲೇ ಇರಲಿಲ್ಲ. ಡಾಕ್ಟರ ಹೊಟ್ಟೆಯುರಿಗೆ ಅಷ್ಟು ಸಾಕಾಗಿತ್ತು.

ಬೆಳಿಗ್ಗೆ ಮನುಷ್ಯರಿಗೆ, ಮಧ್ಯಾಹ್ನ ಇಲಿಗಳಿಗೆ ಕಿಡ್ನಿ ಕಸಿ ಮಾಡುತ್ತ ಅವರ ತಲೆ ನರೆತಿತ್ತು. ಮನುಷ್ಯರು ಬದುಕಿ, ಕೈಮುಗಿದು ಮನೆಗೆ ಹೋಗುತ್ತಿದ್ದರು. ಇಲಿಗಳಿಗೆ ಆ ಮರ್ಯಾದೆಯಿಲ್ಲ. ಔಷಧಿಯಿಲ್ಲದೆ ಇನ್ನೊಂದು ಇಲಿಯ ಕಿಡ್ನಿಯನ್ನು ಒಗ್ಗಿಸಿಕೊಳ್ಳಿರಪ್ಪಾ ಎಂದರೆ ಸಾಲಾಗಿ ಕಾಲು ಚಾಚಿಬಿಡುತ್ತಿದ್ದವು. ಆದರೆ ಕತ್ತರಿ ಹಿಡಿಯುವುದನ್ನು ಅವರಿಂದಲೇ ಕಲಿತ ಶಿಷ್ಯನ ಇಲಿ, ಅದೇ ಕಸಿಯ ನಂತರವೂ, ಮಾವನ ಮನೆಯಲ್ಲಿ ಬೀಡುಬಿಟ್ಟ ಅಳಿಯನಂತೆ ಮೈ ಬೆಳೆಸುತ್ತಿತ್ತು. ಸಂಶೋಧನಾ ಕೇಂದ್ರಕ್ಕೆ ಮುಖ್ಯಸ್ಥರನ್ನು ಆರಿಸುವ ಸಮಿತಿ ಇನ್ನೇನು ಬರುವುದಿತ್ತು. ಗುರುವಿಗೇ ತಿರುಮಂತ್ರ!

ಇಲಿಗಳನ್ನು ಅದಲುಬದಲು ಮಾಡುವುದೆಂದು ಡಾಕ್ಟರು ನಿಶ್ಚಯಿಸಿದರು. ಸಾಯದ ಇಲಿ ತಮಗೆ, ಸಾಯುವ ಇಲಿ ಶಿಷ್ಯನಿಗೆ. ಅಷ್ಟೇ ತೂಕದ, ಅಷ್ಟೇ ಸೋಮಾರಿಯಾದ ಬಿಳಿ ಇಲಿಯೊಂದನ್ನು ಹುಡುಕಿದರು. ಕಿವಿಯ ಗುರುತು, ಬಾಲದ ಕೊಂಕು, ಎಲ್ಲ ಸರಿಹೊಂದಿಸಿದರು. ಹೊಟ್ಟೆಯ ಮೇಲೆ ಹೊಲಿಗೆಯ ಕಲೆಯೊಂದು ಬೇಕಿತ್ತು. ಚರ್ಮ ಕುಯ್ದು ಹೊಲಿದಿದ್ದರೆ ಸಾಕಿತ್ತು, ಆದರೆ ಅವರ ಕೈ ಒಪ್ಪಬೇಕಲ್ಲ? ಒಳಗಿನ ಕಿಡ್ನಿಗಳನ್ನು ತೆಗೆದು, ಬೇರೊಂದನ್ನು ಕೂದಲೆಳೆಯಂಥ ದಾರದಿಂದ ಜೋಡಿಸಿಯೇಬಿಟ್ಟರು. ವೃತ್ತಿಜೀವನದಲ್ಲೇ ಅಂಥ ಚೆಂದದ ಕಸಿ ಮಾಡಿರಲಿಲ್ಲ. ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ಮರುಗಿದರು.

ಸಮಿತಿ ಬಂದ ದಿನ ಊಟದ ಹೊತ್ತಿಗೆ ಇಲಿಯನ್ನು ಕೋಟಿನ ಜೇಬಿಗಿಳಿಸಿ ಲ್ಯಾಬಿನತ್ತ ನಡೆದರು. ಬಾಗಿಲಲ್ಲಿ ಅಟೆಂಡರ್.

"ಸರ್, ನಿಮ್ಮ ಜೇಬು ಅಲ್ಲಾಡ್ತಿದೆ."

"ಫೋನಪ್ಪ. ಮನೆಯವರು."

"ಮೊದಲು ತೆಗೀರಿ ಸರ್. ಆಮೇಲೆ ನಿಮಗೇ ಬೈಗುಳ."

ಡಾಕ್ಟರು ಜೇಬಿಗೆ ಬಾಯಿಟ್ಟು, "ಆಮೇಲೆ ಮಾಡ್ತೀನಿ ಕಣೆ," ಎಂದು ಒಳನುಗ್ಗಿದರು. ಕ್ಷಣದಲ್ಲಿ ಕೆಲಸ ಮುಗಿಯಿತು. ಬೆಕ್ಕಿಗೂ ಇಷ್ಟು ಸಲೀಸಾಗಿ ಇಲಿ ಸಿಕ್ಕಿರಲಾರದು.

ಸಮಿತಿಯ ಅಧ್ಯಕ್ಷೆ ಮೊದಲು ಶಿಷ್ಯನ ಗೂಡಿನ ಇಲಿಯನ್ನು ಸ್ಕ್ಯಾನಿಗಿಟ್ಟರು. "ಅಬ್ಬಾ! ಈ ರಕ್ತನಾಳದ ಜೋಡಣೆ ನೋಡಿ. ಅಕ್ಕಸಾಲಿಗನೂ ಹೀಗೆ ಬೆಸೆಯಲ್ಲ. ಏನಪ್ಪಾ, ಯಾರು ಕಲಿಸಿದ್ದು?"

ಪರದೆ ನೋಡಿದ ಶಿಷ್ಯ ದೆವ್ವ ಕಂಡವನಂತೆ ಬೆವೆತ. "ಎಲ್ಲ... ಎಲ್ಲ ನಮ್ಮ ಸರ್ ಕೈಗುಣ ಮೇಡಂ," ಎಂದು ತೊದಲಿದ. ವಿನಯವಂತ ಹುಡುಗ, ಪಾಪ, ಎಂದುಕೊಂಡರು ಡಾಕ್ಟರು. ಆಮೇಲೆ ಎದೆಯುಬ್ಬಿಸಿ ತಮ್ಮ ಗೂಡಿನ ಇಲಿಯನ್ನು ಮುಂದಿಟ್ಟರು.

ಅಧ್ಯಕ್ಷೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಡಾಕ್ಟ್ರೇ, ಇದರಲ್ಲಿ ಕಸಿ ಎಲ್ಲಿದೆ?" ಪರದೆಯ ಮೇಲೆ ಎರಡು ಕಿಡ್ನಿಗಳು, ದೇವರು ಇಟ್ಟ ಜಾಗದಲ್ಲೇ, ಯಾರ ಕೈಯೂ ಸೋಕದೆ ತಣ್ಣಗಿದ್ದವು. ಆ ಇಲಿಯ ಕಿವಿ, ಬಾಲ, ತೂಕ ಎಲ್ಲವನ್ನೂ ಪರೀಕ್ಷಿಸಿದ್ದ ಡಾಕ್ಟರು, ಅದು ಯಾಕೆ ಸಾಯುತ್ತಿಲ್ಲವೆಂದು ಒಮ್ಮೆಯೂ ಒಳಗೆ ಇಣುಕಿರಲಿಲ್ಲ.