ಒಂದು ತೊಟ್ಟೂ ಚೆಲ್ಲದಂತೆ

ಆರ್ವಿಡ್ ಕಿವೆಲಾನ ಟ್ರಕ್ಕಿಗೆ ಕಾಯಿಲೆ ಇರಬಹುದು ಎಂದು ಅದನ್ನು ಹೆತ್ತ ಕಂಪನಿಯೇ ಒಪ್ಪಿಕೊಂಡಿತ್ತು. ಎಂಜಿನ್ನಿನೊಳಗಿನ ಬೇರಿಂಗುಗಳು ಯಾವ ಗಳಿಗೆಯಲ್ಲಾದರೂ ಮುರಿಯಬಹುದು, ಓಡುತ್ತಿರುವ ಗಾಡಿ ನಡುರಸ್ತೆಯಲ್ಲೇ ನಿಂತುಬಿಡಬಹುದು, ಆದ್ದರಿಂದ ಕೊಂಡವರೆಲ್ಲ ವಾಪಸು ತಂದು ತೋರಿಸಿ ಎಂದು ದೇಶಕ್ಕೆಲ್ಲ ಡಂಗುರ ಹೊಡೆದಿತ್ತು. ಆರ್ವಿಡ್ ತೋರಿಸಿದ. ಷೋರೂಮಿನ ರಿಪೇರಿ ವಿಭಾಗದ ಟ್ರೆಂಟ್ ಎಂಬ ಎಳೆಯ ಅಧಿಕಾರಿ, ಇವನು ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೀಲಿ ತಂದು ಕೈಗಿಟ್ಟ.

“ನಿಮ್ದು ಪಾಸಾಯ್ತು ಸಾರ್. ಸ್ವಲ್ಪ ಮಂದವಾದ ಎಣ್ಣೆ ಹಾಕಿದೀವಿ. ಎಣ್ಣೆ ತೂತಿನ ಮುಚ್ಚಳಾನೂ ಹೊಸದು.”

“ಮುಚ್ಚಳ?”

“ಹೂಂ. ಯಾವ ಎಣ್ಣೆ ಹಾಕ್ಬೇಕು ಅಂತ ಅದರ ಮೇಲೇ ಬರ್ದಿದೆ ನೋಡಿ.”

“ಎದೆ ನಿಂತು ಹೋಗುತ್ತೆ ಅಂತ ಬಂದೋನಿಗೆ ಹೊಸ ಟೋಪಿ ಹಾಕಿ ಕಳಿಸ್ತೀಯಲ್ಲಪ್ಪ.”

ಟ್ರೆಂಟ್ ನಕ್ಕ. ಪಾಸಾದವರಿಗೆ ಮಂದ ಎಣ್ಣೆ, ಎಂಜಿನ್ ನಿಜಕ್ಕೂ ಮುರಿದವರಿಗೆ ಮಾತ್ರ ಹೊಸ ಎಂಜಿನ್, ಇದು ಕಂಪನಿಯ ನಿಯಮ. ಅಂದರೆ ಮೊದಲು ಸಾಯಬೇಕು, ಆಮೇಲೆ ಔಷಧಿ. ಆರ್ವಿಡ್ ಸೌಜನ್ಯದಿಂದ ಥ್ಯಾಂಕ್ಸ್ ಹೇಳಿ ಹೊರಗೆ ಬಂದ. ಮಿನ್ನೆಸೋಟಾದ ಉತ್ತರ ತುದಿಯ ಮನುಷ್ಯ ಅವನು. ಹಲ್ಲು ಕಚ್ಚಿಕೊಂಡೇ ಥ್ಯಾಂಕ್ಸ್ ಹೇಳುವುದನ್ನು ಅಲ್ಲಿ ತೊಟ್ಟಿಲಲ್ಲೇ ಕಲಿಸುತ್ತಾರೆ.

ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ನಾಚಿಕೆಯಾಗಿತ್ತು. ಆ ಟ್ರಕ್ಕನ್ನು ಯಾರೂ ಅವನ ತಲೆಗೆ ಕಟ್ಟಿರಲಿಲ್ಲ. ಇಪ್ಪತ್ತು ವರ್ಷ ದುಡಿದ ಹಳೆಯದನ್ನು ಮಾರಿ, ಕಾಫಿ ಅಂಗಡಿಯಲ್ಲಿ ಕೂತವರನ್ನೆಲ್ಲ ಹೊರಗೆ ಕರೆದು, ಬಾನೆಟ್ ಎತ್ತಿ, “ಎಂಜಿನ್ ಅಂದ್ರೆ ಹೀಗಿರ್ಬೇಕು ಕಣ್ರೋ” ಎಂದು ಭಾಷಣ ಮಾಡಿದ್ದ. ಭಾಷಣ ಕೇಳಿ ಅದೇ ಮಾದರಿಯ ಟ್ರಕ್ ಕೊಂಡವನು ಗೆಳೆಯ ಗಾರ್ಡಿ ಬೆಂಗ್ಟ್ಸನ್, ಊರಿನಲ್ಲಿ ಕೆಟ್ಟ ಗಾಡಿಗಳನ್ನು ಎಳೆದು ತರುವ ಕಸುಬಿನವನು. ಗಾರ್ಡಿಯ ಎಂಜಿನ್ ಸೇತುವೆಯ ಮೇಲೆ ಢಬ್ ಎಂದು ಸತ್ತಿತು, ಅವನಿಗೆ ಹೊಸದು ಸಿಕ್ಕಿತು. ಪುಣ್ಯವಂತ! ಆರ್ವಿಡ್ಡನದು ಸಾಯಲೂ ಇಲ್ಲ, ನೆಟ್ಟಗೆ ಬದುಕಲೂ ಇಲ್ಲ. ಬೇಸಿಗೆಯಲ್ಲಿ ಸರೋವರದ ಮನೆಗಳಿಗೆ ದೋಣಿಕಟ್ಟೆ ಹೂಡುವುದು, ಚಳಿಗಾಲದಲ್ಲಿ ಶಾಲೆಯ ಅಂಗಳದ ಹಿಮ ತಳ್ಳುವುದು, ಅವನ ಅನ್ನವೆಲ್ಲ ಆ ಎಂಜಿನ್ನಿನ ಮೇಲೆಯೇ ನಿಂತಿತ್ತು. ದಿನ ಬೆಳಗಾದರೆ ಅದರ ಎದೆಗೆ ಕಿವಿಗೊಟ್ಟು ಕೇಳುತ್ತ ಅವನಿಗೆ ತನ್ನ ಎದೆಯ ಸದ್ದೇ ಮರೆತುಹೋಗಿತ್ತು.

ಜನವರಿಯಲ್ಲಿ ಅದು ಒಮ್ಮೆ ನಿಂತಿತು. ಹೆದ್ದಾರಿಯಲ್ಲಿ, ಪಕ್ಕದಲ್ಲಿ ಹೆಂಡತಿ ಮರ್ನಾ, ಹಿಂದೆ ಮರದ ದಿಮ್ಮಿ ಹೊತ್ತ ಲಾರಿ. ಲಾರಿಯವನು ಹಾರನ್ ಒತ್ತುತ್ತ ಕೂದಲೆಳೆಯ ಅಂತರದಲ್ಲಿ ತಪ್ಪಿಸಿಕೊಂಡು ಹೋದ. ಮತ್ತೆ ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಗುರ್ ಎಂದಿತು. ಟ್ರೆಂಟ್ ಪರೀಕ್ಷೆ ಮಾಡಿ ಮತ್ತೆ ಪಾಸು ಮಾಡಿದ. ಮರ್ನಾ ಅಂದಿನಿಂದ ಅದನ್ನು ಹತ್ತಲಿಲ್ಲ.

“ನಾನು ಸಾಯೋದಾದ್ರೆ ಹಾಸಿಗೇಲಿ ಸಾಯ್ತೀನಿ, ನಿಮ್ಮ ಮುಚ್ಚಳ ನೋಡ್ಕೊಂಡಲ್ಲ,” ಎಂದಳು.

ಮಾರಿಬಿಡಬಹುದಿತ್ತು. ಆದರೆ ಅವನ ಮನಸ್ಸು ಒಪ್ಪಲಿಲ್ಲ. ಇನ್ನೊಬ್ಬನ ಹೆಂಡತಿ ಆ ಸೀಟಿನಲ್ಲಿ ಕೂರುವುದನ್ನು ನೆನೆದು, ಬರೆದಿಟ್ಟ ಮಾರಾಟದ ಚೀಟಿಯನ್ನು ಹರಿದು ಹಾಕಿದ. ಆರ್ವಿಡ್ ಕಿವೆಲಾ ಅಷ್ಟು ಪ್ರಾಮಾಣಿಕ. ಇನ್ಶೂರೆನ್ಸ್ ಕಂಪನಿಯ ವಿಷಯ ಬೇರೆ. ಅದಕ್ಕೆ ಹೆಂಡತಿ ಇಲ್ಲ.

ಉಪಾಯ ಹೊಳೆದದ್ದು ಫೆಬ್ರವರಿಯಲ್ಲಿ, ಊರಿನ ವಾರ್ಷಿಕ ಪಂದ್ಯದ ದಿನ. ಪ್ರತಿ ಚಳಿಗಾಲ ಆಲ್ಡರ್ ಸರೋವರದ ಮಂಜುಗಡ್ಡೆಯ ಮೇಲೆ ಒಂದು ಗುಜರಿ ಕಾರನ್ನು ಎಳೆದು ನಿಲ್ಲಿಸುತ್ತಾರೆ. ವಸಂತದಲ್ಲಿ ಅದು ಯಾವ ಗಳಿಗೆಗೆ ಮುಳುಗುತ್ತದೆ ಎಂದು ಊರೆಲ್ಲ ಬಾಜಿ ಕಟ್ಟುತ್ತದೆ; ಬಂದದ್ದರಲ್ಲಿ ಅರ್ಧ ಅಗ್ನಿಶಾಮಕ ದಳಕ್ಕೆ. ನೀರಿಗೆ ಹೊಲಸು ಸೇರಬಾರದೆಂದು ಕಾರನ್ನು ಮೊದಲೇ ಬರಿದು ಮಾಡಿಟ್ಟಿರಬೇಕು, ಆ ಕೆಲಸದ ಯಜಮಾನಿಕೆ ಎಷ್ಟೋ ವರ್ಷಗಳಿಂದ ಆರ್ವಿಡ್ಡನದೇ. ಆ ದಿನ ಕಾರಿಗೆ ಧ್ವಜ ಕಟ್ಟುತ್ತ ಗಾರ್ಡಿ ಅಂದ:

“ಇದರ ಬದ್ಲು ನಿನ್ನ ಟ್ರಕ್ಕೇ ನಿಲ್ಸೋಣ ಕಣೋ. ಮುಳುಗೋಕ್ಮುಂಚೆ ನಿಂತು ಹೋಗುತ್ತೆ ಅಂತ ಇನ್ನೊಂದು ಬಾಜಿ ಕಟ್ಬಹುದು!”

ಎಲ್ಲರಿಗಿಂತ ಜೋರಾಗಿ ನಕ್ಕವನು ಆರ್ವಿಡ್. ನಗುತ್ತಿದ್ದಂತೆಯೇ, ಟ್ರಕ್ಕನ್ನು ಮುಳುಗಿಸಿ ಇನ್ಶೂರೆನ್ಸ್ ಹಣ ಪಡೆಯುವ ಇಡೀ ಯೋಜನೆ ಅವನ ತಲೆಯಲ್ಲಿ ಬಾಗಿಲು ತೆರೆದುಕೊಂಡಿತು.

ಅದರ ಅಡಿಪಾಯ ಅವನ ದಡ್ಡತನ. ಪ್ರತಿ ಮಾರ್ಚಿನಲ್ಲೂ ಯಾರಾದರೊಬ್ಬ ಮೂರ್ಖ, ಚಳಿಗಾಲವಿಡೀ ಮಂಜುಗಡ್ಡೆಯ ಮೇಲಿಟ್ಟು, ತೂತು ಕೊರೆದು ಗಾಳ ಹಾಕುವ ತನ್ನ ಗುಡಿಸಲನ್ನು ಎಳೆದು ತರಲು ತಡಮಾಡಿ, ಗಾಡಿ ಸಮೇತ ಮುಳುಗುವುದು ವಾಡಿಕೆ. ಊರು ಒಂದು ವರ್ಷ ನಗುತ್ತದೆ, ಇನ್ಶೂರೆನ್ಸಿನವರು ನಿಟ್ಟುಸಿರು ಬಿಟ್ಟು ಕೊಡುತ್ತಾರೆ. ಮೂರ್ಖನನ್ನು ಯಾರೂ ಅನುಮಾನಿಸುವುದಿಲ್ಲ. ಅಂಥ ಟ್ರಕ್ ಕೊಂಡು, ಕೊಂಡಿದ್ದಕ್ಕೆ ಭಾಷಣವನ್ನೂ ಮಾಡಿದ ಮೇಲೆ ಮೂರ್ಖನ ಪಟ್ಟಕ್ಕೆ ಅವನಿಗಿಂತ ಅರ್ಹರು ಯಾರಿದ್ದರು? ಜೀವನದಲ್ಲಿ ಮೊದಲ ಸಲ ತನ್ನ ಹೆಸರು ಕೆಟ್ಟಿದ್ದು ಉಪಯೋಗಕ್ಕೆ ಬರುತ್ತಿದೆಯಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಜಾಗ, ತೊರೆ ಬಂದು ಸೇರುವ ಮೂಲೆ. ಅಲ್ಲಿ ಒಳಗೆ ನೀರು ಹರಿಯುವುದರಿಂದ ಮಂಜುಗಡ್ಡೆ ಯಾವಾಗಲೂ ತೆಳು, ದಡವೂ ಹತ್ತಿರ. ಅಂಥಲ್ಲಿ ಗಾಡಿ ಯಾಕೆ ನಿಲ್ಲಿಸಿದೆ ಎಂದು ಕೇಳಿದರೆ? ಈ ಪ್ರಶ್ನೆಯ ಉತ್ತರವೇ ಯೋಜನೆಯ ಕಿರೀಟ. ಗುಡಿಸಲು ತರಲು ಹೊರಟಿದ್ದೆ. ನಾನು ನಿಲ್ಲಿಸಲಿಲ್ಲ ಸ್ವಾಮೀ, ಅದೇ ನಿಂತಿತು. ಎಂಜಿನ್ ಕಟಕಟ ಎಂದಿತು, ಕೆಂಪು ದೀಪ ಹತ್ತಿತು, ಇಳಿದು ನೋಡುವಷ್ಟರಲ್ಲಿ ಕಾಲಡಿಯ ಮಂಜುಗಡ್ಡೆ ನರಳಿತು. ದೇಶಕ್ಕೆಲ್ಲ ಗೊತ್ತಿರುವ ಕಾಯಿಲೆ, ಕಂಪನಿಯೇ ಸಹಿ ಹಾಕಿ ಒಪ್ಪಿಕೊಂಡದ್ದು. ಇಷ್ಟು ದಿನ ಅವನ ನಿದ್ದೆ ಕೆಡಿಸಿದ ದೋಷವೇ ಈಗ ಅವನ ಪರ ಸಾಕ್ಷಿ ಹೇಳಬೇಕಿತ್ತು.

ಇನ್ನುಳಿದದ್ದು ಎಣ್ಣೆ. ಸರೋವರದಲ್ಲಿ ಎಣ್ಣೆ ಹರಡಿದರೆ ರಾಜಧಾನಿಯಿಂದ ಪರಿಸರ ಇಲಾಖೆಯವರು ಬಂದು ಅಗೆದು ಬಗೆದು ನೋಡುತ್ತಾರೆ. ಅದು ಹಾಗಿರಲಿ, ಆರ್ವಿಡ್ಡನಿಗೂ ಅದು ಸಹಿಸದು. ಅವನ ಅಜ್ಜ ಗಾಳ ಹಾಕಿದ ನೀರು ಅದು. ಮೀನುಗಳೇನು ಅವನಿಗೆ ಕೆಟ್ಟ ಎಂಜಿನ್ ಮಾರಿದ್ದವೇ? ಎಣ್ಣೆ ಪೂರ್ತಿ ಬಸಿದುಬಿಡುವುದೆಂದು ತೀರ್ಮಾನಿಸಿದ. ಎಣ್ಣೆಯಿಲ್ಲದ ಎಂಜಿನ್ ಅಲ್ಲಿಯವರೆಗೆ ಹೇಗೆ ಬಂತೆಂದು ಯಾರಾದರೂ ಕೇಳುತ್ತಾರೆ, ಅದನ್ನೂ ಯೋಚಿಸಿದ್ದ. ದಾರಿಯುದ್ದಕ್ಕೂ ಸೋರಿತು, ಅದಕ್ಕೇ ಎಂಜಿನ್ ನಿಂತಿತು. ಸೋರಿದ ಗುರುತು? ಮಂಜುಗಡ್ಡೆಯೊಂದಿಗೆ ಕರಗಿತು. ಟ್ರಕ್ ಮುಳುಗಿಸಲು ಸುತ್ತ ಮಂಜುಗಡ್ಡೆ ಕೊಯ್ಯುವ ಗರಗಸದ ಗೆರೆಯೂ ಹಾಗೆಯೇ ಕರಗುತ್ತದೆ. ಇಷ್ಟೊಂದು ಪಾಪಭೀತಿಯಿಂದ ಅಪರಾಧ ಮಾಡುವವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು ಎಂದು ಅವನಿಗೆ ನಗು ಬಂತು, ಸ್ವಲ್ಪ ಹೆಮ್ಮೆಯೂ ಆಯಿತು.

ದಿನವನ್ನು ಆರಿಸುವುದು ಸುಲಭವಾಗಿತ್ತು. ಮಾರ್ಚಿನ ಆ ಗುರುವಾರ ಊರಿನ ಶಾಲೆಯ ಹುಡುಗರು ಎಷ್ಟೋ ವರ್ಷಗಳ ಮೇಲೆ ರಾಜ್ಯ ಮಟ್ಟದ ಐಸ್ ಹಾಕಿಗೆ ಆಯ್ಕೆಯಾಗಿದ್ದರು. ಮಟಮಟ ಮಧ್ಯಾಹ್ನದ ಆಟ. ಅರ್ಧ ಊರು ರಾಜಧಾನಿಗೆ ಹೋಗಿತ್ತು, ಮರ್ನಾ ಕೂಡ ತಂಗಿಯ ಕಾರಿನಲ್ಲಿ ಹೋಗಿದ್ದಳು. ಉಳಿದರ್ಧ ಟಿವಿಯ ಮುಂದೆ. ಸರೋವರದ ಮೇಲೆ ಕಾಗೆಯೂ ಇರಲಿಲ್ಲ.

ತೊರೆಯ ಮೂಲೆಗೆ ಟ್ರಕ್ ತಂದು ನಿಲ್ಲಿಸಿದ. ಪ್ರತಿ ವರ್ಷ ಗುಜರಿ ಕಾರಿಗೆ ಮಾಡುವ ಕೆಲಸವೇ ಆದ್ದರಿಂದ ಕೈಗಳಿಗೆ ಅವನ ಸಲಹೆ ಬೇಕಾಗಿರಲಿಲ್ಲ. ಅವು ತಮ್ಮ ಪಾಡಿಗೆ ದುಡಿಯುತ್ತಿದ್ದವು, ತಲೆ ಮಾತ್ರ ಇನ್ಶೂರೆನ್ಸಿನವನಿಗೆ ಹೇಳಬೇಕಾದ ಮಾತುಗಳನ್ನು ಗಟ್ಟಿ ಮಾಡುತ್ತಿತ್ತು. ಬಸಿಯಬೇಕಾದ್ದನ್ನೆಲ್ಲ ಡಬ್ಬಗಳಿಗೆ ಬಸಿದ. ಹೊಸ ಮುಚ್ಚಳವನ್ನು ಭದ್ರವಾಗಿ ತಿರುಗಿಸಿದ, ಕಂಪನಿಯ ಕಾಣಿಕೆ ಕಂಪನಿಯ ಟ್ರಕ್ಕಿನ ಜೊತೆಗೇ ಹೋಗಲಿ. ತೆಗೆದದ್ದನ್ನೆಲ್ಲ ಜಾರುಬಂಡಿಗೆ ತುಂಬಿ ದೂರಕ್ಕೆ ಎಳೆದಿಟ್ಟು, ಗರಗಸ ಹಿಡಿದು ಬಂದ. ಎರಡು ಬದಿ ಕೊಯ್ದು ಮೂರನೆಯದಕ್ಕೆ ಕೈ ಹಾಕುವ ಮೊದಲೇ ಮಂಜುಗಡ್ಡೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟಿತು. ಟ್ರಕ್ ಮೂತಿ ಬಗ್ಗಿಸಿ, ಯಾವ ಗಲಾಟೆಯೂ ಇಲ್ಲದೆ, ಅವನ ಕೈಗೆ ಸಿಕ್ಕಿದಂದಿನಿಂದ ಮೊದಲ ಬಾರಿಗೆ ಹೇಳಿದ ಮಾತು ಕೇಳಿತು.

ಸಾಕ್ಷಿಗಾಗಿ ಒಂದು ಕಾಲನ್ನು ಮೊಣಕಾಲಿನವರೆಗೆ ನೀರಿಗಿಳಿಸಿದ. ಯೋಜನೆಯಲ್ಲಿ ಚಳಿಯ ಲೆಕ್ಕ ಹಿಡಿದಿರಲಿಲ್ಲ. ಜಾರುಬಂಡಿಯನ್ನು ಹಿತ್ತಲ ದಾರಿಯಲ್ಲಿ ಮನೆಗೆ ಮುಟ್ಟಿಸಿ ಕಾಫಿ ಅಂಗಡಿಯ ಬಾಗಿಲು ತಳ್ಳುವಷ್ಟರಲ್ಲಿ ಅವನ ಹಲ್ಲು ಕಟಕಟ ಎನ್ನುತ್ತಿತ್ತು, ಅದು ನಟನೆಯಾಗಿರಲಿಲ್ಲ.

“ಟ್ರಕ್ ಹೋಯ್ತು,” ಎಂದ.

ಟಿವಿಯಿಂದ ಕಣ್ಣು ತೆಗೆಯದೆ ಗಾರ್ಡಿ ಕೇಳಿದ, “ಎಲ್ಲಿ ನಿಂತೋಯ್ತೋ ಈ ಸಲ?”

“ಸರೋವರದಲ್ಲಿ. ತಳದಲ್ಲಿ.”

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಯಾರೋ ಕಂಬಳಿ ಹೊದಿಸಿದರು, ಯಾರೋ ಬಿಸಿ ಸೂಪು ತಂದರು. ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಇನ್ಶೂರೆನ್ಸಿನವನು ಫೋನಿನಲ್ಲಿ ಕತೆ ಕೇಳಿ, “ಅಯ್ಯೋ, ಆ ಎಂಜಿನ್ನೇ?” ಎಂದು ತಾನೇ ಮರುಗಿದ, ಅವನ ಭಾವನ ಹತ್ತಿರವೂ ಅದೇ ಟ್ರಕ್ ಇತ್ತಂತೆ. ಗಾಡಿಯನ್ನು ಮೇಲೆತ್ತಿ ಒಮ್ಮೆ ನೋಡಿದರೆ ಮುಗಿಯಿತು, ಚೆಕ್ ಕಳಿಸುತ್ತೇವೆ ಎಂದ. ಮರ್ನಾ ಮಾತ್ರ ರಾತ್ರಿ ಗಂಡನ ಒದ್ದೆ ಬೂಟನ್ನು ಒಲೆಯ ಬಳಿ ಇಡುತ್ತ ಅತ್ತಳು. “ಟ್ರಕ್ ಹೋದ್ರೆ ಹಾಳಾಗ್ಲಿ, ನೀವು ಬಂದ್ರಲ್ಲ” ಎಂದಳು. ಆ ಒಂದು ಮಾತು ಅವನ ಕರುಳನ್ನು ನಿಜವಾಗಿ ಚುಚ್ಚಿತು. ಆದರೂ ಮಲಗುವ ಮೊದಲು, ಬೇರೆ ಕಂಪನಿಯ ಟ್ರಕ್ಕಿನಲ್ಲಿ ಅವಳು ಪಕ್ಕಕ್ಕೆ ಕೂತು ಹೋಗುವ ಚಿತ್ರ ಕಟ್ಟಿಕೊಂಡ.

ಏಪ್ರಿಲಿನಲ್ಲಿ ತೊರೆಯ ಮೂಲೆ ಕರಗಿದಾಗ ಗಾರ್ಡಿ ದಡದಿಂದ ಉಕ್ಕಿನ ಹಗ್ಗ ಬಿಟ್ಟು ಟ್ರಕ್ಕನ್ನು ಎಳೆದ. ಊರೆಲ್ಲ ಫ್ಲಾಸ್ಕು ಹಿಡಿದು ನೋಡಲು ಬಂದಿತ್ತು. ಸರೋವರಗಳ ಕಾವಲು ಅಧಿಕಾರಿ ಡೋರೀನ್ ರಸ್ಕ್ ಎಣ್ಣೆ ಹೀರುವ ದಿಂಬುಗಳನ್ನು ನೀರಿನ ಸುತ್ತ ಹಾಸಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಟ್ರಕ್ ಪಾಚಿ ಸುರಿಸುತ್ತ ಮೇಲೆದ್ದಿತು. ದಿಂಬುಗಳು ಹಾಲಿನಂತೆ ಬೆಳ್ಳಗೇ ಉಳಿದವು.

“ಇಷ್ಟು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಮುಳುಗಿದ ಗಾಡೀನ ನಾನು ನೋಡೇ ಇಲ್ಲ,” ಎಂದಳು ಡೋರೀನ್. “ಒಂದು ತೊಟ್ಟಿಲ್ಲ. ಅಲ್ಲ ಆರ್ವಿಡ್, ಎಣ್ಣೆ ಎಲ್ಲಿ ಹೋಯ್ತು?”

ಈ ಪ್ರಶ್ನೆಗೆ ಅವನು ಒಂದು ತಿಂಗಳಿಂದ ಕಾದಿದ್ದ.

“ಅದನ್ನ ಕಂಪನೀನೇ ಕೇಳ್ಬೇಕಮ್ಮ,” ಎಂದ. “ಮಂದ ಎಣ್ಣೆ, ಸೋರೋದೇ ಇಲ್ಲ ಅಂದಿದ್ರು. ಮುಚ್ಚಳ ಮಾತ್ರ ಗಟ್ಟಿ ಇರ್ಬೇಕು ನೋಡಿ!”

ದಡವೆಲ್ಲ ನಕ್ಕಿತು. ಡೋರೀನ್ ಕೂಡ ನಕ್ಕು, ದಿಂಬುಗಳನ್ನು ಸುತ್ತಿಡತೊಡಗಿದಳು. ಇನ್ಶೂರೆನ್ಸಿನವನು ಎರಡು ಫೋಟೋ ತೆಗೆದು ಕಾರಿನ ಕಡೆ ತಿರುಗಿದ. ಆರ್ವಿಡ್ಡನ ಎದೆಯಿಂದ ಇಡೀ ಚಳಿಗಾಲ ಇಳಿದುಹೋಯಿತು.

ಗಾರ್ಡಿಗೆ ಯಾವ ಅನುಮಾನವೂ ಇರಲಿಲ್ಲ; ಅದೇ ಎಂಜಿನ್ನಿನಿಂದ ನೊಂದವನಾದ್ದರಿಂದ, ಸತ್ತ ನೆಂಟನ ಮುಖ ಕೊನೆಯ ಸಲ ನೋಡುವಂತೆ ಬಾನೆಟ್ ಎತ್ತಿದ, ಅಷ್ಟೆ. ಎತ್ತಿದವನು ಬಗ್ಗಿ ಒಳಗೆ ಕೈಯಾಡಿಸಿದ. “ಆರ್ವಿಡ್,” ಎಂದ ಮೆಲ್ಲಗೆ, “ಬ್ಯಾಟರಿ ಎಲ್ಲೋ?” ಡೋರೀನ್ ಬಂದು ಇಣುಕಿದಳು, ಅವಳ ಹಿಂದೆ ಇನ್ಶೂರೆನ್ಸಿನವನು. ಬ್ಯಾಟರಿ ಕೂರುವ ತಟ್ಟೆ ಖಾಲಿಯಾಗಿತ್ತು. ಬ್ಯಾಟರಿಯೊಳಗಿನ ಸೀಸ ನೀರಿಗೆ ಸೇರಿದರೆ ಸರೋವರದ ಲೂನ್ ಹಕ್ಕಿಗಳು ಸಾಯುತ್ತವೆಂದು ಆ ಊರಿನಲ್ಲಿ ಗುಜರಿ ಕಾರಿನಿಂದ ಮೊದಲು ಬಿಚ್ಚುವುದೇ ಅದನ್ನು. ಆರ್ವಿಡ್ಡನ ಕೈಗಳು ಅವನನ್ನು ಒಂದು ಮಾತೂ ಕೇಳದೆ ಅದನ್ನೇ ಮಾಡಿದ್ದವು, ತಂತಿಗಳ ಎರಡೂ ತುದಿಗೆ ನೀಲಿ ಟೇಪ್ ಸುತ್ತಿ, ಒಪ್ಪವಾಗಿ ಮಡಚಿ ಪಕ್ಕಕ್ಕೆ ಸಿಕ್ಕಿಸಿಯೂ ಇದ್ದವು. ಎಣ್ಣೆ ಸೋರುವ ದೋಷವನ್ನು ನಂಬಿಸಬಹುದು. ಆದರೆ ಬ್ಯಾಟರಿ ತಾನೇ ಕಳಚಿಕೊಂಡು, ತಂತಿಗೆ ಟೇಪ್ ಸುತ್ತಿಟ್ಟು, ಮಾಲೀಕನ ಮನೆಗೆ ನಡೆದುಹೋಗುವ ದೋಷವನ್ನು ಯಾವ ಕಂಪನಿಯೂ ಇದುವರೆಗೆ ಒಪ್ಪಿಕೊಂಡಿರಲಿಲ್ಲ.