ಕೆಂಚಿಯ ಗೂಡಿಗೆ ಬಿಟ್ಟ ಕಣ್ಣು

ಬಹಳ ಹಿಂದಿನ ಮಾತು. ಹೊಂಬಿಸಿಲ ಸೀಮೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಸೂರ್ಯ ಬೆಟ್ಟದ ಹಿಂದಿನಿಂದ ಬರುತ್ತಿರಲಿಲ್ಲ, ಕೋಳಿಮೊಟ್ಟೆಯಿಂದ ಬರುತ್ತಿದ್ದ. ನಗಬೇಡಿ, ಅಲ್ಲಿ ಇದ್ದದ್ದೇ ಹಾಗೆ. ಅರಮನೆಯ ಹೇಂಟೆಗಳು ಸರದಿಯಂತೆ ಮೊಟ್ಟೆ ಇಡುತ್ತಿದ್ದವು. ಅದರ ಬೆಳಕು ಮೇಲೇರಿ ಸೂರ್ಯನಾಗುತ್ತಿತ್ತು.

ಬೆಳಕು ಕಂಡರೆ ಮೈ ಉರಿಯುವ ಒಬ್ಬ ಮಾಂತ್ರಿಕನಿದ್ದ, ಮಬ್ಬಯ್ಯ ಅಂತ. ಯಾವ ಪ್ರಾಣಿಯ ರೂಪ ಬೇಕಾದರೂ ತಾಳುತ್ತಿದ್ದ, ಆದರೆ ಆ ಪ್ರಾಣಿಗೆ ಎಷ್ಟು ಬಲವೋ ಅವನಿಗೂ ಅಷ್ಟೇ. ಅರಮನೆಯ ಗೂಡಿಗೆ ಚಿನ್ನದ ಬಾಗಿಲೇನೋ ಇತ್ತು, ಕೆಳಗೆ ಬರೀ ಮಣ್ಣು! ನರಿಯಾಗಿ ಬಂದು, ಮಣ್ಣು ತೋಡಿ, ಹೇಂಟೆಗಳನ್ನೆಲ್ಲ ನುಂಗಿ ಹೋದ. ರಾಜ್ಯಕ್ಕೆ ರಾಜ್ಯವೇ ಕತ್ತಲಲ್ಲಿ ಮುಳುಗಿ, ಜನ ದೀಪ ಹಿಡಿದು ಬದುಕುವಂತಾಯಿತು.

ಉಳಿದವಳು ಕೆಂಚಿ ಒಬ್ಬಳೇ. ಕುಂಟಿ ಅಂತ ಅರಮನೆಯವರು ಆಚೆ ಹಾಕಿದ್ದ ಆ ಕೋಳಿಮರಿಯನ್ನು ಬುಟ್ಟಿ ಹೆಣೆಯುವ ಪುಟ್ಟೀರಿ ಮಡಿಲಲ್ಲಿಟ್ಟು ಸಾಕಿದ್ದಳು. ಈಗ ಅದು ಇನ್ನೇನು ಮೊದಲ ಮೊಟ್ಟೆ ಇಡುವುದರಲ್ಲಿತ್ತು.

ರಾಜ ತಾನೇ ಅವಳ ಹಿತ್ತಿಲಿಗೆ ಬಂದ. "ಇವಳೂ ಹೋದರೆ ನಮಗೆ ಬೆಳಗೇ ಇಲ್ಲ, ತಾಯಿ."

"ನನಗೆ ಹೆತ್ತ ಮಗಳೇ ಹೋದ ಹಾಗೆ, ಬುದ್ಧಿ" ಅಂದಳು ಪುಟ್ಟೀರಿ.

ಅವತ್ತೇ ಗೂಡು ಕಟ್ಟಲು ಕೂತಳು. ನೆಲ ಅಗೆದು ಚಪ್ಪಡಿ ಹಾಸಿದಳು. ಬಿದಿರು ಸೀಳಿ ಗೋಡೆ ಹೆಣೆದಳು, ಮೇಲೆ ಹುಲ್ಲು ಹೊದಿಸಿದಳು, ಬಾಗಿಲಿಗೆ ಅಗುಳಿ ಹಾಕಿದಳು. ಆದರೆ ಗೋಡೆಯಲ್ಲಿ ಇರುವೆ ತೂರುವಷ್ಟು ಒಂದು ಕಣ್ಣು ಬಿಟ್ಟಳು. ಅವಳ ಮನೆತನದ ಪದ್ಧತಿ ಅದು, ಏನು ಹೆಣೆದರೂ ಒಂದು ಕಣ್ಣು ಬಿಡಲೇಬೇಕು. ಯಾಕೆ ಅಂತ ಕೇಳಿದರೆ ಅವಳಜ್ಜಿ, "ನಮ್ಮಜ್ಜಿ ಬಿಡ್ತಿದ್ದಳು ಕಣೇ, ಅದಕ್ಕೇ ನಾನೂ ಬಿಡ್ತೀನಿ" ಅನ್ನುತ್ತಿದ್ದಳು.

ಮಬ್ಬಯ್ಯ ಮೊದಲು ನರಿಯಾಗಿ ಬಂದ. ಕೆರೆದ, ಕೆರೆದ, ಉಗುರು ಕಿತ್ತುಬಂತು. ಚಪ್ಪಡಿ ಅಲುಗಲಿಲ್ಲ.

ಆಮೇಲೆ ಹದ್ದಾಗಿ ಬಂದ. ಹುಲ್ಲನ್ನೆಲ್ಲ ಕಿತ್ತೆಸೆದು ಕೆಂಚಿಯ ಬೆನ್ನಿಗೆ ಉಗುರು ಹಾಕಿದ. ಪುಟ್ಟೀರಿ ಕೋಲು ಬೀಸಿ ಅವನನ್ನು ಓಡಿಸಿ, ಗಾಯಕ್ಕೆ ಅರಿಸಿನ ಹಚ್ಚಿ, ಬಿಕ್ಕುತ್ತಲೇ ಬಿದಿರಿನ ಎರಡು ಪದರ ಹೆಣೆದು ಸೂರು ಬಿಗಿದಳು.

"ಆ ಕಣ್ಣು ಮುಚ್ಚೇ ನಮ್ಮವ್ವ!" ಅಂತ ಊರವರು ಮುಗಿಬಿದ್ದರು. "ನಿನ್ನ ಪದ್ಧತಿ ಕಟ್ಕೊಂಡು ನಾವು ಕತ್ತಲಲ್ಲಿ ಸಾಯಬೇಕಾ?"

ಪುಟ್ಟೀರಿಗೆ ಹೌದೆನ್ನಿಸಿತು. ಬಿದಿರ ಸೀಳು ತಂದಳು. ಅಷ್ಟರಲ್ಲಿ ಕಪ್ಪು ಹೊಗೆ ಕಾರುತ್ತಾ ಒಂದು ಗೆದ್ದಲು ಹುಳ ಆ ಕಣ್ಣಿನೊಳಗೆ ನುಸುಳಿಬಿಟ್ಟಿತು.

"ಅಯ್ಯೋ ಕೆಂಚೀ! ನಾನೇ ನಿನ್ನ ಕೊಂದೆನಲ್ಲೇ!"

ಒಳಗಿಂದ ಮಬ್ಬಯ್ಯನ ನಗು ಕೇಳಿತು. "ಇಗೋ, ಈಗ ನರಿಯಾಗ್ತೀನಿ..."

ಟುಕ್.

ಗೆದ್ದಲು ಕಂಡ ಮೇಲೆ ಯಾವ ಹೇಂಟೆ ಸುಮ್ಮನೆ ಕೂರುತ್ತೆ ಹೇಳಿ? ಒಂದೇ ಕುಕ್ಕಿಗೆ ಮಾಂತ್ರಿಕ ಕೆಂಚಿಯ ಹೊಟ್ಟೆ ಸೇರಿದ್ದ. ಅವನು ಸತ್ತದ್ದೇ ತಡ, ಮಾಟ ಕಳಚಿ, ಅವನು ನುಂಗಿದ್ದ ಹೇಂಟೆಗಳೆಲ್ಲ ಬೇಲಿಯ ಸಂದಿಯಿಂದ ಕೊಕ್ಕೊಕ್ ಅನ್ನುತ್ತಾ ಎದ್ದು ಬಂದವು.

ಆಗ ಒಳಗೆ ಕೆಂಚಿ ತನ್ನ ಮೊದಲ ಮೊಟ್ಟೆ ಇಟ್ಟಳು. ಗೂಡಿನ ಆ ಕಣ್ಣಿಂದ ಬೆಳಕು ನೂಲಿನ ಹಾಗೆ ಹೊರಗೆ ಬಂತು. ಬಂತು, ಬರುತ್ತಲೇ ಇತ್ತು. ಪುಟ್ಟೀರಿಯ ಕೆನ್ನೆ ಸವರಿಕೊಂಡು ಮೇಲೇರಿ, ಆಕಾಶದಲ್ಲಿ ಉಂಡೆ ಕಟ್ಟಿ, ಸೂರ್ಯನಾಯಿತು. ಊರವರ ಕೈಯಿಂದ ದೀಪಗಳು ಜಾರಿಬಿದ್ದವು. ಬೆಳಕು ಕಂಡು ರಾಜನೂ ಅರಮನೆಯಿಂದ ಓಡಿಬಂದ. ಬಿದಿರ ಸೀಳು ಇನ್ನೂ ಪುಟ್ಟೀರಿಯ ಕೈಯಲ್ಲೇ ಇತ್ತು. ಒಂದು ಗಳಿಗೆ ಮೊದಲು ಮುಚ್ಚಿದ್ದರೆ ಬೆಳಗು ಒಳಗೇ ಉಳಿಯುತ್ತಿತ್ತು. ಸೀಳನ್ನು ದೂರ ಎಸೆದಳು.

ಆಮೇಲೆ ಅರಮನೆಯ ಗೂಡನ್ನೂ ಅವಳೇ ಹೆಣೆದಳು. ರಾಜ್ಯದವರೆಲ್ಲ ಬೆಳಕಲ್ಲಿ ಉಂಡು, ಬೆಳಕಲ್ಲಿ ನಕ್ಕು, ಸುಖವಾಗಿದ್ದರು. ಕೆಂಚಿಯನ್ನು ಕೊಡು ಅಂತ ರಾಜ ಕೇಳಿದ್ದಕ್ಕೆ ಪುಟ್ಟೀರಿ ಅವಳನ್ನು ಮಡಿಲಿಗೆಳೆದುಕೊಂಡು, "ಕುಂಟಿ ಅಂತ ಆಚೆ ಹಾಕಿದ್ರಲ್ಲ ಬುದ್ಧಿ, ಇವಳು ನನ್ನವಳು" ಅಂದಳು.