ಸೊನ್ನೆಗೊಂದು ಸೀಟು

ಕರಿಹಲಗೆಯ ಮೇಲೆ ಮೂರು ಕಡೆ ಒಂದೇ ಉತ್ತರ: 154.

ಅಜಯಕುಮಾರ ಬರೆದದ್ದೂ 154. ಕಲ್ಲಿನಾಥ ಬರೆದದ್ದೂ 154. ತಬಸ್ಸುಮ ತುದಿಗಾಲಲ್ಲಿ ನಿಂತು, ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದದ್ದೂ 154. ಎರಡನೇ ಬೆಂಚಿನಲ್ಲಿದ್ದ ಸೃಷ್ಟಿ, ಟೀಚರ್ ಬಾಯಿ ತೆರೆಯುವ ಮೊದಲೇ ಚಪ್ಪಾಳೆ ತಟ್ಟಿಬಿಟ್ಟಳು.

ತಟ್ಟದೆ ಏನು ಮಾಡುತ್ತಾಳೆ? ಮೂವರಿಗೂ ಪಾಠ ಹೇಳಿದವಳು ಅವಳೇ. "ನೀ ಲೆಕ್ಕದಾಗ ಶ್ಯಾಣೆ ಇದ್ದಿ. ಈ ಮೂರು ಮಂದಿಗೆ ಭಾಗಾಕಾರ ಹೇಳಿಕೊಡವ್ವಾ" ಎಂದು ವಿದ್ಯಾವತಿ ಟೀಚರ್ ಹೇಳಿದ್ದೇ ತಡ, ಐದನೇ ತರಗತಿಯ ಸೃಷ್ಟಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಾರವಿಡೀ ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಕ್ಲಾಸು. ಕೈಯಲ್ಲಿ ಒಂದು ಕಡ್ಡಿ. "ನನಗ ಮಿಸ್ ಅನ್ರಿ" ಎಂದು ತಾಕೀತು ಬೇರೆ.

ಅವಳ ಪಾಠ ಬಹಳ ಸಲೀಸು.

"ಭಾಗ ಹೋಗ್ತದೇನು? ಹೋದ್ರ ಮ್ಯಾಲೆ ಬರೀರಿ. ಹೋಗಲ್ಲೇನು? ಮುಂದಿನ ಅಂಕಿ ಇಳಿಸ್ಕೊಂಡು ನಡೀರಿ. ನಿಂದ್ರಬ್ಯಾಡ್ರಿ!"

ತಬಸ್ಸುಮ ಒಂದು ಸಲ ಕೇಳಿದ್ದಳು, "ಮಿಸ್, ಉತ್ತರ ಬಂದ ಮ್ಯಾಲೆ ಗುಣಿಸಿ ತಾಳೆ ನೋಡೂದು ಬ್ಯಾಡೇನು?"

"ತಾಳೆ ನೋಡೋರು ಡೌಟ್ ಇದ್ದೋರು ಬೇ. ನಮಗೆಲ್ಲಿ ಡೌಟು?"

ಈಗ ಟೀಚರ್ ಹಲಗೆಯನ್ನು ನೋಡಿದರು. ಲೆಕ್ಕ ಇದ್ದದ್ದು 8432 ಭಾಗಿಸು 8.

"ಎಂಟು ಸಾವಿರಕ್ಕ ಎಂಟರಿಂದ ಭಾಗಿಸಿದ್ರ ಅಲ್ಲೇ ಒಂದು ಸಾವಿರ ಬರ್ತದ. ನೀವು ನೂರಾ ಐವತ್ನಾಕಕ್ಕ ಬಂದು ನಿಂತೀರಲ್ಲ! ಮೂರೂ ತಪ್ಪು. ಸೃಷ್ಟಿ ಹಿಂಗ ಹೇಳಿಕೊಟ್ಟಾಳೇನು?"

"ಇಲ್ರಿ ಟೀಚರ್!" ತಬಸ್ಸುಮ ಗಾಬರಿಯಿಂದ ಹೇಳಿದಳು. "ಸೃಷ್ಟಿ ಸರಿನೇ ಹೇಳ್ಯಾಳ್ರಿ. ನನ್ನ ತಲಿಗೇ ಹತ್ತಲಿಲ್ರಿ. ಇವರಿಬ್ರೂ ನಂದು ನೋಡಿ ಬರದಾರ್ರಿ."

ಮಾಡದ ಕಾಪಿಯ ಆರೋಪ ಹೊತ್ತ ಹುಡುಗರಿಬ್ಬರೂ ಪಿಳಿಪಿಳಿ ಕಣ್ಣು ಬಿಟ್ಟರು.

ಸೃಷ್ಟಿ ಎದ್ದು ನಿಂತು ನಿಜ ಹೇಳಬೇಕಿತ್ತು. ಎದ್ದಳೇ? ಎಲ್ಲಿಂದ! ಚಪ್ಪಾಳೆ ತಟ್ಟಿದ ಕೈಗಳನ್ನು ಬೆಂಚಿನ ಕೆಳಗೆ ಬಚ್ಚಿಟ್ಟುಕೊಂಡಳು.

"ನಾಳೆ ಮತ್ತ ಇದೇ ಲೆಕ್ಕ ಕೊಡ್ತೇನಿ. ಎಲ್ಲಿ ತಪ್ಪಿತು, ನೀವೇ ಹುಡುಕ್ರಿ" ಎಂದರು ಟೀಚರ್. ಗಂಟೆ ಹೊಡೆಯಿತು.

ಎಲ್ಲರೂ ಹೊರಗೆ ಓಡಿದ ಮೇಲೆ ಸೃಷ್ಟಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ, ಯಾರಿಗೂ ಕಾಣದಂತೆ, ಡೌಟ್ ಇದ್ದವರ ಕೆಲಸ ಮಾಡಿದಳು. 154ನ್ನು 8ರಿಂದ ಗುಣಿಸಿದಳು. ಬಂದದ್ದು 1232. ಉಳಿದ ಏಳು ಸಾವಿರದ ಇನ್ನೂರು ಎಲ್ಲಿ ಹೋಯಿತು? ಅಷ್ಟು ದೊಡ್ಡದನ್ನು ಒಂದೇ ಲೆಕ್ಕದಲ್ಲಿ ಕಳೆದ ಮಿಸ್ ಇಡೀ ತಾಲೂಕಿನಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ ಎಂದುಕೊಂಡಳು. ನಗು ಬರಲಿಲ್ಲ.

ಸೃಷ್ಟಿ, ತಬಸ್ಸುಮ ಇಬ್ಬರದೂ ಪಕ್ಕದ ಹಳ್ಳಿ. ನರೋಣಾದ ಶಾಲೆಗೆ ಬಸ್ಸಿನಲ್ಲೇ ಬಂದು ಹೋಗುವುದು. ಸಂಜೆಯ ಬಸ್ಸು ಆಳಂದದಿಂದಲೇ ತುಂಬಿಕೊಂಡು ಬರುತ್ತದೆ. ಅದು ನಿಲ್ಲುವ ಮೊದಲೇ ತಬಸ್ಸುಮ ಓಡಿಹೋಗಿ, ಇಳಿಯುವವರ ಸೀಟು ಗುರುತಿಸಿ, ಇಬ್ಬರಿಗೂ ಜಾಗ ಹಿಡಿಯಲು ಕಿಟಕಿಯಿಂದ ಕರ್ಚೀಫ್ ಒಗೆಯುತ್ತಾಳೆ. ಗುರಿ ತಪ್ಪಿದ್ದೇ ಇಲ್ಲ. ಸೃಷ್ಟಿ ಮಾತ್ರ ಹಿಂದಿನಿಂದ ಬ್ಯಾಗು ಹೊತ್ತು ಮೆಲ್ಲಗೆ ಬರುತ್ತಾಳೆ. ಮಿಸ್ ಆದವರು ಬಸ್ಸಿಗೆ ಓಡುತ್ತಾರೆಯೇ?

ಇವತ್ತು ತನಗೆ ಸೀಟಿಲ್ಲ ಎಂದು ಸೃಷ್ಟಿಗೆ ಖಾತ್ರಿಯಾಗಿತ್ತು. ಮಂದಿಯ ನಡುವೆ ನುಸುಳಿ ಒಳಗೆ ಬಂದರೆ, ತಬಸ್ಸುಮ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಮಗ್ಗುಲಲ್ಲಿ ನೀಲಿ ಕರ್ಚೀಫು. ರುಮಾಲು ಸುತ್ತಿದ ದಪ್ಪನೆಯ ಕಾಕಾ ಒಬ್ಬರು ಅವಳ ಜೊತೆ ಜಗಳಕ್ಕೆ ನಿಂತಿದ್ದರು.

"ಸರಿ ಬೇ ಅತ್ತಾಗ. ಸೀಟ್ ಖಾಲಿ ಅದಲ್ಲ."

"ಖಾಲಿ ಇಲ್ರಿ ಕಾಕಾ. ಕರ್ಚೀಫ್ ಅದ."

"ಮಂದಿ ಎಲ್ಲಿ ಅದಾರ?"

"ಮಂದಿ ಇಲ್ರಿ. ಅದಕ್ಕೇ ಕರ್ಚೀಫ್ ಹಾಕೀನಿ. ಇಲ್ಲಾಂದ್ರ ನೀವು ಸರದು ಕೂಡ್ತೀರಿ, ಅಕಿ ಜಾಗಾನೇ ಹೋಗ್ತದ!"

ಸೃಷ್ಟಿ ಕಂಬಿ ಹಿಡಿದು ನಿಂತಲ್ಲೇ ನಿಂತಳು. ಮಂದಿ ಇಲ್ಲ. ಆದರೂ ಜಾಗ ಇದೆ. ಬೇವಿನ ಗಿಡದ ಕೆಳಗೆ ಅವಳು ಕಡ್ಡಿ ಆಡಿಸುತ್ತ ಹೇಳಿದ್ದೇನು? ಹೋಗಲ್ಲೇನು? ಮುಂದಿನ ಅಂಕಿ ಇಳಿಸ್ಕೊಂಡು ನಡೀರಿ, ನಿಂದ್ರಬ್ಯಾಡ್ರಿ.

"ಬಾ ಬೇ, ಏನ್ ನೋಡಾಕತ್ತಿ?" ತಬಸ್ಸುಮ ಕರ್ಚೀಫು ಎತ್ತಿದಳು. ಸೃಷ್ಟಿ ಕೂತಳು. ತಬಸ್ಸುಮಳ ಕಣ್ಣು ಕೆಂಪಗಿದ್ದವು.

"ನಾಳೆ ನಾ ಸಾಲಿಗೆ ಬರಂಗಿಲ್ಲ" ಎಂದಳು ಮೆಲ್ಲಗೆ. "ನೀ ಅಷ್ಟು ಛಲೋ ಹೇಳಿಕೊಟ್ಟಿ. ನನ್ನ ತಲ್ಯಾಗ ಬರೇ ಮಣ್ಣದ."

ಸೃಷ್ಟಿ ಬ್ಯಾಗಿನಿಂದ ನೋಟ್‌ಬುಕ್ ಹೊರತೆಗೆದಳು. "ನಿನ್ನ ತಲಿ ಸರಿನೇ ಅದ ತಬ್ಬು. ನಾ ಹೇಳಿಕೊಟ್ಟಿದ್ದೇ ತಪ್ಪು."

"ನೀನಾ? ತಪ್ಪಾ?"

"ನಾನೇ. ನೋಡಿಲ್ಲಿ." ಸೃಷ್ಟಿ ಮೊಣಕಾಲ ಮೇಲೆ ನೋಟ್‌ಬುಕ್ ತೆರೆದಳು. ಬಸ್ಸು ಕುಲುಕಿದಂತೆಲ್ಲ ಅಂಕಿಗಳು ಸೊಟ್ಟಗಾದವು. "ಎಂಟೊಂದ್ಲೆ ಎಂಟು. ಸಾವಿರದ ಸೀಟಿಗೆ ಒಂದು ಕೂತಿತು. ಈಗ ನಾಕು ಇಳಿಸ್ಕೊಂಡೆ. ನಾಕರಾಗ ಎಂಟು ಹೋಗಲ್ಲ. ನೂರರ ಸೀಟಿಗೆ ಯಾರೂ ಬರಲಿಲ್ಲ. ಆಗ ನಾ ಏನು ಮಾಡಿದೆ? ಹತ್ತರ ಸೀಟಿನ ಐದಕ್ಕ ಕರದು ಅಲ್ಲಿ ಕೂಡಿಸಿಬಿಟ್ಟೆ."

ತಬಸ್ಸುಮ ಒಂದು ಕ್ಷಣ ನೋಡಿದಳು. ಆಮೇಲೆ ಪೆನ್ಸಿಲ್ ಕಸಿದುಕೊಂಡಳು. "ಯಾ ಅಲ್ಲಾ! ಅಲ್ಲಿ ಕರ್ಚೀಫ್ ಹಾಕಬೇಕಿತ್ತಲ್ಲ ಬೇ!" ಎಂದು ಒಂದರ ಪಕ್ಕ ದುಂಡಗೆ ಸೊನ್ನೆ ಬರೆದಳು. ನಲವತ್ತಮೂರಕ್ಕೆ ಐದು, ಮೂವತ್ತೆರಡಕ್ಕೆ ನಾಲ್ಕು. 1054.

ತಾಳೆಯನ್ನೂ ಅವಳೇ ನೋಡಿದಳು. 8432 ಸರಿಯಾಗಿ ಬಂದು ನಿಂತಿತು. "ಮಿಸ್ಸೇ ತಪ್ಪು ಮಾಡ್ಯಾಳ!" ಎಂದು ತಬಸ್ಸುಮ ಎಷ್ಟು ನಕ್ಕಳೆಂದರೆ, ರುಮಾಲಿನ ಕಾಕಾ ಕೂಡ ಸಿಟ್ಟು ಬಿಟ್ಟು ಇಣುಕಿ ನೋಡಿದರು.

ಮರುದಿನ ತಬಸ್ಸುಮ ಹಲಗೆಯ ಮೇಲೆ 1054 ಬರೆದು ಎರಡು ಗೆರೆ ಎಳೆದಳು.

"ಶಭಾಷ್! ಯಾರು ಹೇಳಿಕೊಟ್ರು?"

ತಬಸ್ಸುಮ ಬಾಯಿ ತೆರೆಯುವಷ್ಟರಲ್ಲಿ ಸೃಷ್ಟಿ ಎದ್ದು ನಿಂತಳು. "ಅಕಿನೇ ಮಾಡ್ಯಾಳ್ರಿ ಟೀಚರ್. ನಿನ್ನಿ ನೂರಾ ಐವತ್ನಾಕು ನಂದ್ರಿ. ಯಾರೂ ಕಾಪಿ ಹೊಡದಿಲ್ರಿ."

"ಹೌದೇನು? ಮತ್ತ ನಿನ್ನಿ ಚಪ್ಪಾಳೆ ಯಾರದು?"

"ಅದೂ ನಂದೇರಿ."

ಇಡೀ ತರಗತಿ ಹೋ ಎಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಜಯಕುಮಾರ, ಕಲ್ಲಿನಾಥ. ಸೃಷ್ಟಿಯ ಕಿವಿ ಬಿಸಿಯಾದವು. ಅವಳೂ ನಕ್ಕಳು.

ಸಂಜೆ ಬಸ್ಸು ತಿರುವಿನಲ್ಲಿ ಕಂಡಿತು. ತಬಸ್ಸುಮ ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಹಿಂದೆ ಉಳಿದಿದ್ದಳು. ಸೃಷ್ಟಿ ಓಡಿದಳು. ಗುರಿಯಿಟ್ಟು ಕರ್ಚೀಫ್ ಒಗೆದಳು. ಅದು ಸೀಟಿಗೆ ಬೀಳದೆ ಒಬ್ಬ ಅಜ್ಜಿಯ ಬದನೆಕಾಯಿ ಬುಟ್ಟಿಯೊಳಗೆ ಬಿತ್ತು. ಅಜ್ಜಿಯ ಬೈಗುಳ ತಿಂದು, ಕರ್ಚೀಫ್ ವಾಪಸ್ ಪಡೆದು, ಹೇಗೋ ಒಂದು ಸೀಟು ಹಿಡಿದು ಮಗ್ಗುಲಲ್ಲಿ ಹಾಸಿದಳು.

"ಸರಿ ಬೇ, ಇಲ್ಲಿ ಯಾರೂ ಇಲ್ಲಲ್ಲ" ಎಂದರು ಯಾರೋ.

ಸೃಷ್ಟಿ ಕರ್ಚೀಫಿನ ಮೇಲೆ ಅಂಗೈ ಊರಿದಳು. "ಖಾಲಿ ಇಲ್ರಿ" ಎಂದಳು.